ಒಳಗುಳಿದ ಆಣಿ

ಕಳೆದ ವರ್ಷ ಶ್ರಾವಣಮಾಸದ ಒಂದು ಭಾನುವಾರ, ಶಬ್ದಮಣಿದರ್ಪಣದ ಹಳೆಯ ಪ್ರತಿಯೊಂದನ್ನು ಅಟ್ಟದಿಂದ ಇಳಿಸಲು ಹೋಗಿ ನಾನೇ ಇಳಿದೆ. ಸ್ಟೂಲಿನ ಮೂರು ಕಾಲು ನೆಲದ ಮೇಲಿತ್ತು, ನಾಲ್ಕನೆಯದು ಚಾಪೆಯ ಮಡಿಕೆಯ ಮೇಲಿತ್ತು. ಬಿದ್ದ ಮೇಲೆ ಎರಡು ಸಂಗತಿ ತಿಳಿಯಿತು: ಬಲತೋಳಿನ ಮೂಳೆ ಭುಜದ ಸ್ವಲ್ಪ ಕೆಳಗೆ ಮುರಿದಿದೆ, ಕೇಶಿರಾಜ ಅಟ್ಟದಲ್ಲಿರಲೇ ಇಲ್ಲ, ಕಾಲೇಜಿನ ಬೀರುವಿನಲ್ಲಿ ಸುಖವಾಗಿದ್ದಾನೆ. ವ್ಯಾಕರಣಕ್ಕಾಗಿ ಕೈ ಮುರಿದುಕೊಂಡವರೆಂದು ಸಹೋದ್ಯೋಗಿಗಳು ಈಗಲೂ ನಗುತ್ತಾರೆ. ನಗಲಿ, ಈ ಕಾಲದಲ್ಲಿ ವ್ಯಾಕರಣಕ್ಕೆ ಅಷ್ಟಾದರೂ ಪ್ರಚಾರ ಸಿಕ್ಕಿತಲ್ಲ!

ಆರು ವಾರ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕಳೆದದ್ದಾಯಿತು. ಆಮೇಲೆ ವೈದ್ಯರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿ, "ಮೂಳೆ ಕೂಡಿದೆ ಮೇಷ್ಟ್ರೇ, ಇನ್ನು ಧಾರಾಳವಾಗಿ ಆಡಿಸಿ" ಎಂದರು. ಮೂಳೆ ಕೂಡಿತ್ತು, ಸಂದೇಹವಿಲ್ಲ. ಕೈ ಮಾತ್ರ ಏಳಲೊಲ್ಲದು. ಭುಜದ ಮಟ್ಟಕ್ಕೆ ಬರುವ ಮೊದಲೇ ಯಾರೋ ಒಳಗಿನಿಂದ ಹಿಡಿದೆಳೆದಂತೆ ನಿಂತುಬಿಡುತ್ತಿತ್ತು. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಅನ್ನ ತಿಂದವನಿಗೆ ಬಲಗೈ ಭುಜದ ಮೇಲಕ್ಕೆ ಹೋಗದೆ ನಿಂತಿತೆಂದರೆ ಅದು ಸಣ್ಣ ಮಾತಲ್ಲ. ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಹುಡುಗಿ ಒಂದು ದಿನ ನನ್ನ ಮುಖವನ್ನೇ ನೋಡುತ್ತಿದ್ದು, "ಸಾರ್, ಎತ್ತೋಕೆ ಆಗ್ತಿಲ್ವಾ, ಇಲ್ಲಾ ಎತ್ತೋಕೆ ಭಯಾನಾ?" ಎಂದು ಕೇಳಿದಳು.

"ಆಗ್ತಿಲ್ಲ" ಎಂದೆ, ಸ್ವಲ್ಪ ಕೋಪದಿಂದಲೇ. ನನ್ನ ವಿದ್ಯಾರ್ಥಿನಿಯ ವಯಸ್ಸಿನವಳು ನನ್ನನ್ನು ಪುಕ್ಕಲನೆನ್ನುವುದೆ? ಅವಳು ಹೋದ ಮೇಲೆ ಮಾತ್ರ ಆ ಪ್ರಶ್ನೆ ಹೋಗಲಿಲ್ಲ. ಆಗದು ಎನ್ನುವುದು ದೇಹ, ಅಂಜುವುದು ಮನಸ್ಸು ಎಂದು ನಾವು ಸಲೀಸಾಗಿ ವಿಂಗಡಿಸುತ್ತೇವೆ. ಆದರೆ ಆ ರಾತ್ರಿ ನಾನು ಎಷ್ಟು ಸಾರಿ ಕೈಯೆತ್ತಿ ನೋಡಿದರೂ ಎಲ್ಲಿಗೆ ಒಂದು ಮುಗಿದು ಎಲ್ಲಿಂದ ಇನ್ನೊಂದು ಮೊದಲಾಗುತ್ತದೆಂದು ತಿಳಿಯಲಿಲ್ಲ. ನೋವಿನ ಸಮಯದಲ್ಲಿ ಇಬ್ಬರೂ ಒಂದೇ ಗಂಟಲಿನಿಂದ ಮಾತನಾಡುತ್ತಾರೆ.

ಗಾಯಗೊಂಡವನ ಮನೆಗೆ ಹಣ್ಣು ಬರುತ್ತದೆ. ಹಣ್ಣಿನ ಜೊತೆಯಲ್ಲಿ ನಂಬಿಕೆಗಳೂ ಬರುತ್ತವೆ. ನಮ್ಮ ಚಿಕ್ಕಮ್ಮ ಬಂದು ಜಾತಕ ತೆಗೆಸಿ, "ಶನಿಕಾಟ ಕಣೋ. ಅದು ಕಳೀಲಿ, ಕೈ ತಾನಾಗೇ ಬರುತ್ತೆ" ಎಂದರು. ಇನ್ನೊಬ್ಬ ಬಂಧುಗಳಿಗೆ ನಾನು ಪುತ್ತೂರು ಕಟ್ಟು ಹಾಕಿಸದೆ ಆಸ್ಪತ್ರೆಗೆ ಹೋದದ್ದೇ ಮೊದಲ ತಪ್ಪು. ಇವೆಲ್ಲ ನನಗೆ ತಗಲಲಿಲ್ಲ. ತಗಲಿದ್ದು ಒಬ್ಬ ಮಿತ್ರರ ಮಾತು. ಪಕ್ಕದಲ್ಲಿ ಕುಳಿತು, ಬೆನ್ನ ಮೇಲೆ ಕೈಯಿಟ್ಟು, ಬಹಳ ಅಕ್ಕರೆಯಿಂದ ಹೇಳಿದರು: "ನಮ್ಮ ಮಾವನವರಿಗೂ ಹೀಗೇ ಆಗಿತ್ತು. ಇನ್ನು ಆ ಕೈ ಮೊದಲಿನ ಹಾಗೆ ಆಗೋದಿಲ್ಲ ಬಿಡಿ. ಜೋಪಾನ, ಹೆಚ್ಚಾಗಿ ಆಡಿಸಬೇಡಿ." ಶನಿಯನ್ನು ನಂಬದ ನಾನು ಈ 'ಜೋಪಾನ'ವನ್ನು ತುಟಿ ಬಿಚ್ಚದೆ ನಂಬಿದೆ. ಅದಾದ ಮೇಲೆ ಹದಿನೈದು ದಿನ ಸ್ನಾನದ ಚೊಂಬನ್ನೂ ಎಡಗೈಯಲ್ಲೇ ಎತ್ತಿದೆ. ಮೂಢನಂಬಿಕೆಗೆ ಯಾವಾಗಲೂ ಕುಂಕುಮ ಹಚ್ಚಿರುತ್ತದೆ ಎಂದೇನೂ ಇಲ್ಲ. ಅದು ಎಷ್ಟೋ ಸಾರಿ ವಿವೇಕದ ಕೋಟು ತೊಟ್ಟುಕೊಂಡೇ ಬರುತ್ತದೆ.

ಈ 'ಜೋಪಾನ'ದ ಕಥೆಯನ್ನು ವೈದ್ಯರೂ ಶೋಧಿಸಿ ನೋಡಿದ್ದಾರೆ. ಗ್ಲಾಸ್ಗೋವಿನ ಮೂಳೆತಜ್ಞ ಗಾರ್ಡನ್ ವಾಡೆಲ್ ಮತ್ತು ಅವರ ಸಂಗಡಿಗರು ಬೆನ್ನುನೋವಿನ ರೋಗಿಗಳಿಗೆ ಒಂದು ಪ್ರಶ್ನಾವಳಿಯನ್ನು ಕೊಟ್ಟು, 1993ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ನೋವು ಎಷ್ಟಿದೆ ಎಂಬುದೊಂದೇ ಅಲ್ಲ. ಕೆಲಸದಿಂದಲೇ ಈ ನೋವು ಬಂತೆಂದು ತಿಳಿದಿದ್ದೀರಾ, ಕೆಲಸಕ್ಕೆ ಮರಳಿದರೆ ಬೆನ್ನು ಇನ್ನೂ ಕೆಡುವುದೆಂದು ಅಂಜುತ್ತೀರಾ ಎಂದೂ ಕೇಳಿದರು. ಯಾರು ಕೆಲಸ ತಪ್ಪಿಸಿಕೊಂಡು ಮನೆಯಲ್ಲುಳಿದರು ಎಂಬುದಕ್ಕೆ ನೋವಿನ ತೀವ್ರತೆಗಿಂತ ಈ ಅಂಜಿಕೆಯೊಡನೆ ಹೆಚ್ಚು ಸಂಬಂಧ ಕಂಡಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಂಜಿದವನು ಅಂಗವನ್ನು ಆಡಿಸುವುದಿಲ್ಲ, ಆಡಿಸದ ಅಂಗದ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಎಂದೋ ಒಮ್ಮೆ ಆಡಿಸಿದಾಗ ಮೊದಲಿಗಿಂತ ಹೆಚ್ಚು ನೋಯುತ್ತದೆ, "ನೋಡಿದೆಯಾ, ನಾನು ಹೇಳಲಿಲ್ಲವೆ?" ಎಂದು ಅಂಜಿಕೆ ಗೆಲುವಿನ ನಗೆ ನಗುತ್ತದೆ. ಬೇರೆ ಸುಳ್ಳುಗಳಿಗೆ ಸಾಕ್ಷಿಯನ್ನು ಹೊರಗಿನಿಂದ ತರಬೇಕು. ಈ ಸುಳ್ಳು ತನ್ನ ಸಾಕ್ಷಿಯನ್ನು ದೇಹದೊಳಗೇ ತಯಾರಿಸಿಕೊಳ್ಳುತ್ತದೆ. ನೋವೆಲ್ಲ ಹಾನಿಯ ಸೂಚನೆ ಎಂದು ತಿಳಿಯುವುದರಲ್ಲೇ ತಪ್ಪಿದೆ. ಬೆಂಕಿ ಮುಟ್ಟಿದಾಗಿನ ನೋವು ಎಚ್ಚರಿಕೆಯೆಂಬುದು ನಿಜ. ಬಹುದಿನ ಮುಚ್ಚಿದ್ದ ಬಾಗಿಲನ್ನು ತೆಗೆಯುವಾಗ ಕೀಲು ಕಿರುಗುಟ್ಟಿದರೆ ಬಾಗಿಲು ಮುರಿಯಿತೆಂದು ಅರ್ಥವೆ?

ಇದಕ್ಕಿಂತ ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದವರು ಮಾಡಿದ ಕೆಲಸ. 1997ರಿಂದ ಕೆಲವು ವರ್ಷ ಅಲ್ಲಿ ಟೆಲಿವಿಷನ್ನಿನಲ್ಲಿ ಪ್ರಚಾರ ನಡೆಸಿ, ಬೆನ್ನುನೋವು ಬಂದರೆ ಹಾಸಿಗೆ ಹಿಡಿಯಬೇಡಿ, ಕೈಲಾದಷ್ಟು ಓಡಾಡಿ, ಕೆಲಸಕ್ಕೆ ಹೋಗಿ ಎಂದು ಜನಕ್ಕೆಲ್ಲ ಹೇಳಿದರು. ಪಕ್ಕದ ನ್ಯೂ ಸೌತ್ ವೇಲ್ಸಿನಲ್ಲಿ ಈ ಪ್ರಚಾರವಿರಲಿಲ್ಲವಾದ್ದರಿಂದ ಹೋಲಿಸಿ ನೋಡಲು ಅನುಕೂಲವಾಯಿತು. ವಿಕ್ಟೋರಿಯಾದಲ್ಲಿ ಜನರ ನಂಬಿಕೆ ಬದಲಾಯಿತು, ಬೆನ್ನುನೋವಿನ ಪರಿಹಾರಕ್ಕಾಗಿ ಬರುವ ಅರ್ಜಿಗಳು ಇಳಿದವು; ಅಷ್ಟೇ ಅಲ್ಲ, ವೈದ್ಯರ ನಂಬಿಕೆಯೂ ಬದಲಾಯಿತು. ಇದನ್ನು ಓದುಗರು ಗಮನಿಸಬೇಕು. ಅಲ್ಲಿ ಯಾರೂ ಒಬ್ಬೊಬ್ಬ ರೋಗಿಯನ್ನು ಹಿಡಿದು ಮನಸ್ಸು ಗಟ್ಟಿಮಾಡಿಕೋ ಎಂದು ಗದರಲಿಲ್ಲ. ಊರಿನ ಬಾವಿಯನ್ನೇ ತೊಳೆದರು. ನನ್ನ ಭುಜದೊಳಗೆ ಕುಳಿತಿದ್ದ ನಂಬಿಕೆ ನನ್ನದೆಂದು ನಾನು ತಿಳಿದಿದ್ದೆ. ಅದು ಮಿತ್ರರ ಮಾವನವರದು!

ಇಷ್ಟರಲ್ಲಿ ನಮ್ಮ ಎದುರು ಮನೆಯ ನಿವೃತ್ತ ಇಂಜಿನಿಯರು ಬಂದರು. ಅವರದು ಒಂದೇ ಮಂತ್ರ: "ಎಲ್ಲಾ ಮನಸ್ಸಿನಲ್ಲಿದೆ ಸ್ವಾಮಿ. ನಮ್ಮ ಕುಂಬ್ಳೆಯನ್ನು ನೋಡಿ." ದಕ್ಷಿಣ ಬೆಂಗಳೂರಿನಲ್ಲಿ ಈ ಮಾತಿಗೆ ಎದುರಾಡುವುದು ದೇವರಿಗೆ ಎದುರಾಡಿದ ಹಾಗೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಹುಡುಗ 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಮಾಡಿದ್ದನ್ನು ಯಾರು ಮರೆತಾರು! ಬ್ಯಾಟು ಮಾಡುವಾಗ ಡಿಲನ್ನನ ಚೆಂಡು ಬಡಿದು ದವಡೆ ಮುರಿಯಿತು. ತಲೆಗೂ ಗಲ್ಲಕ್ಕೂ ಸೇರಿಸಿ ಬ್ಯಾಂಡೇಜು ಸುತ್ತಿಕೊಂಡು ಆತ ಮತ್ತೆ ಮೈದಾನಕ್ಕಿಳಿದು 14 ಓವರು ಎಸೆದು ಬ್ರಯಾನ್ ಲಾರಾನನ್ನು ಔಟು ಮಾಡಿದ.

ಆ ದೃಶ್ಯ ನನ್ನ ಕಣ್ಣಿನಲ್ಲೂ ಇದೆ. ಆದರೆ ಇಂಜಿನಿಯರು ಹೇಳದೆ ಬಿಟ್ಟ ಭಾಗವೂ ಒಂದುಂಟು. ಆ ಓವರುಗಳಾದ ಮೇಲೆ ಕುಂಬ್ಳೆ ಶಸ್ತ್ರಚಿಕಿತ್ಸೆಗಾಗಿ ವಿಮಾನ ಹತ್ತಿ ಬೆಂಗಳೂರಿಗೆ ಬಂದರು. ಮನೋಬಲವಿದೆಯೆಂದು ಮುರಿದ ದವಡೆಯನ್ನು ಹಾಗೇ ಇಟ್ಟುಕೊಳ್ಳಲಿಲ್ಲ. ಅದಕ್ಕೂ ಹಿಂದೆ ಭುಜದ ಶಸ್ತ್ರಚಿಕಿತ್ಸೆಯಾಗಿ ಆಟದಿಂದಲೇ ದೂರ ಉಳಿದಿದ್ದರು. 2001ರಲ್ಲಿ ಆಸ್ಟ್ರೇಲಿಯಾದವರು ಬಂದಾಗ ನಡೆದ ಆ ಪ್ರಸಿದ್ಧ ಸರಣಿ ಅವರಿಗೆ ತಪ್ಪಿತು. ಎಸೆತಗಾರನಿಗೆ ಭುಜವೆಂದರೆ ಬಡಗಿಗೆ ಕೈಯಿದ್ದಂತೆ. ಆ ತಿಂಗಳುಗಳ ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕಿಲ್ಲ, ಏಕೆಂದರೆ ಅದರಲ್ಲಿ ಲಾರಾ ಇಲ್ಲ. ದಿನವೂ ಅದೇ ವ್ಯಾಯಾಮ, ಅದೇ ಬೇಸರ. 2008ರಲ್ಲಿ ಆಟ ಬಿಡುವ ಹೊತ್ತಿಗೆ 619 ಟೆಸ್ಟ್ ವಿಕೆಟ್ಟು ಕಿತ್ತ ಭುಜ ಅದು. ಆಂಟಿಗಾದ ಒಂದು ಮಧ್ಯಾಹ್ನಕ್ಕಿಂತ ಆ ನೀರಸ ತಿಂಗಳುಗಳೇ ನನ್ನಂಥವನಿಗೆ ಹೆಚ್ಚು ಬೇಕಾದವು. ಇನ್ನೊಂದು ಮಾತು: ಮರಳಿ ಬಂದರೆ ಚೆಂಡು ಕೊಡಲು ಒಂದು ತಂಡ ಕಾದಿತ್ತು.

'ಎಲ್ಲಾ ಮನಸ್ಸಿನಲ್ಲಿದೆ' ಎಂಬ ಮಾತು ಧೈರ್ಯ ಹೇಳುವಂತೆ ಕೇಳಿಸುತ್ತದೆ. ಒಳಗೆ ಕೈಹಾಕಿ ನೋಡಿದರೆ ಚಿಕ್ಕಮ್ಮನ ಶನಿಗಿಂತ ಕಠಿಣವಾದದ್ದು. ಶನಿಕಾಟವಾದರೆ ತಪ್ಪು ಗ್ರಹದ್ದು, ಗುಣವಾಗದವನು ನಿರಪರಾಧಿ. ಎಲ್ಲವೂ ಮನಸ್ಸಿನಲ್ಲಿದ್ದರೆ ಗುಣವಾಗದವನೇ ಅಪರಾಧಿ. ಮೂಳೆಯ ಜೊತೆಗೆ ಶೀಲವೂ ಮುರಿದಿದೆಯೆಂದಾಯಿತು. ಗುಣವಾಗುವುದರಲ್ಲಿ ನಂಬಿಕೆಗೂ ಒಂದು ಪಾಲಿದೆಯೆಂಬುದನ್ನು ನಾನು ಭುಜವಾರೆ ಕಂಡವನು, ಅಲ್ಲಗಳೆಯಲಾರೆ. ಆದರೆ ಹಾಗೆ ಒಪ್ಪಿದ ಕೂಡಲೆ ಗುಣವಾಗದವನ ಮೇಲೆ ಬೆರಳು ತೋರಿಸುವ ಅಧಿಕಾರ ನಮಗೆ ಬಂದುಬಿಡುತ್ತದೆಯೆ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿದವನು ನಮ್ಮ ಬೀದಿಯ ಬಡಗಿ.

ಅವನು ನಮ್ಮ ವಸಂತಪುರಕ್ಕೆ ಬಂದು ಹತ್ತು ವರ್ಷವಾಗಿರಬೇಕು. ಸುತ್ತಮುತ್ತ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಅವನು ಕೂಡಿಸಿದ ಬಾಗಿಲು, ಕಪಾಟುಗಳಿಗೆ ಲೆಕ್ಕವಿಲ್ಲ. ನನಗಿಂತ ಎರಡು ತಿಂಗಳು ಮೊದಲು ಗರಗಸದ ಯಂತ್ರಕ್ಕೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಹೋಗಿದ್ದವು. ಸಂಜೆ ಇಬ್ಬರೂ ಕೈಕೆಟ್ಟವರು ಕೆರೆಯ ಕಡೆಗೆ ತಿರುಗಾಡಲು ಹೋಗುತ್ತಿದ್ದೆವು. "ಕೈ ವಾಸಿಯಾಯ್ತು ಅಂತ ಡಾಕ್ಟ್ರು ಬರ್‍ಕೊಟ್ರು ಮೇಷ್ಟ್ರೇ. ಅದನ್ನ ನಮ್ಮ ಮೇಸ್ತ್ರಿ ಓದ್ಬೇಕಲ್ಲ!" ಎಂದು ಒಂದು ದಿನ ನಕ್ಕ. ಮೇಸ್ತ್ರಿ ಕೆಟ್ಟವನಲ್ಲ. ಪ್ರತಿಸಲವೂ "ಇನ್ನೊಂದು ಸ್ವಲ್ಪ ದಿನ ರೆಸ್ಟ್ ತಗೋಳಪ್ಪ" ಎನ್ನುತ್ತಾನಂತೆ. ಆ ಸ್ವಲ್ಪ ದಿನ ನಾಲ್ಕು ತಿಂಗಳಾಗಿತ್ತು. ಅವನ ಹೆಂಡತಿ ಎರಡು ಮನೆಯ ಕೆಲಸವನ್ನು ನಾಲ್ಕು ಮನೆಗೆ ಏರಿಸಿಕೊಂಡಿದ್ದಳು. ಅವನು ಎಡಗೈಯನ್ನು ಯಾವಾಗಲೂ ಪ್ಯಾಂಟಿನ ಜೇಬಿನೊಳಗೇ ಇಟ್ಟುಕೊಂಡಿರುತ್ತಿದ್ದ. "ಮೊದ್ಲು ಉಳಿ ಹಿಡಿದ್ರೆ ಉಳೀನೇ ನೋಡ್ತಿದ್ದೆ, ಮೇಷ್ಟ್ರೇ. ಈಗ ಯಾರ್ ನನ್ನ ಕೈ ನೋಡ್ತವ್ರೆ ಅಂತ ನೋಡ್ತೀನಿ. ಹಂಗ್ ನೋಡ್ಕೊಂಡು ಕೆಲ್ಸ ಮಾಡೋಕಾಯ್ತದಾ?"

ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ನನ್ನ ಸ್ಥಿತಿಯನ್ನು ಅವನದರ ಪಕ್ಕದಲ್ಲಿಟ್ಟು ನೋಡಿದೆ. ನನಗೆ ಸಂಬಳ ಸಹಿತ ರಜೆಯಿತ್ತು. ಕೈ ಇನ್ನೂ ಕೊರಳಲ್ಲಿದ್ದಾಗಲೇ ಪ್ರಿನ್ಸಿಪಾಲರು, "ನಿಮ್ಮ ಬಾಯಿ ಮುರಿದಿಲ್ಲವಷ್ಟೆ? ಬನ್ನಿ, ಹಲಗೆಯ ಮೇಲೆ ಬರೆಯಲು ಒಬ್ಬ ಹುಡುಗನನ್ನು ನಿಲ್ಲಿಸೋಣ" ಎಂದು ಹೇಳಿಕಳಿಸಿದ್ದರು. ನನ್ನ ಧೈರ್ಯವೆಂದು ಯಾವುದನ್ನು ನಾನು ಒಳಗೊಳಗೇ ಮೆಚ್ಚಿಕೊಳ್ಳುತ್ತಿದ್ದೆನೋ ಅದರಲ್ಲಿ ಅರ್ಧ ಆ ಒಂದು ಮಾತಿನದು. ಬಡಗಿಯ ಮನಸ್ಸು ನನ್ನದಕ್ಕಿಂತ ಸಡಿಲವಾದದ್ದಲ್ಲ. ಅದರ ಕಾಲಕೆಳಗೆ ನೆಲವಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದ ಒಂದು ವೃತ್ತಾಂತ ಇಲ್ಲಿ ನೆನಪಾಗುತ್ತದೆ. ಇಟಲಿಯ ಆಂಜಿಯೊದಲ್ಲಿ 1944ರಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ಘೋರವಾಗಿ ಗಾಯಗೊಂಡ ಸೈನಿಕರಲ್ಲಿ ಬಹುಮಂದಿ ನೋವಿನ ಮದ್ದನ್ನೇ ಬೇಡವೆನ್ನುವುದನ್ನು ಕಂಡು ಬೆರಗಾದರು. ಅಷ್ಟೇನೂ ಹೆಚ್ಚಲ್ಲದ ಗಾಯಕ್ಕೆ ಊರಿನ ಆಸ್ಪತ್ರೆಗಳಲ್ಲಿ ಜನ ಮದ್ದು ಬೇಡುತ್ತಿದ್ದರು. ಸೈನಿಕರು ವೀರರಾದ್ದರಿಂದ ಹೀಗೆ ಎಂದು ಬೀಚರ್ ಹೇಳಲಿಲ್ಲ. ಸೈನಿಕನಿಗೆ ಗಾಯವೆಂದರೆ ಬದುಕಿ ಉಳಿದೆ, ಇನ್ನು ಮನೆಗೆ ಹೋಗುತ್ತೇನೆ ಎಂದರ್ಥ. ಊರಿನವನಿಗೆ ಗಾಯವೆಂದರೆ ವಿಪತ್ತಿನ ಆರಂಭ. ಗಾಯದ ಅಳತೆಗಿಂತ ಗಾಯದ ಅರ್ಥವೇ ನೋವನ್ನು ನಿಶ್ಚಯಿಸುವುದೆಂದು ಅವರು ತಿಳಿದರು. ಸರಿ, ಆದರೆ ಆ ಅರ್ಥವನ್ನು ಬರೆಯುವವರು ಯಾರು? ಸೈನಿಕನ ಗಾಯದ ಅರ್ಥವನ್ನು ಅವನ ಮನಸ್ಸೊಂದೇ ಬರೆಯಲಿಲ್ಲ, ಅವನನ್ನು ಮನೆಗೆ ಕಳಿಸುವ ಪಡೆಯೂ ಬರೆಯಿತು. ನಮ್ಮ ಬಡಗಿಯ ಗಾಯದ ಅರ್ಥವನ್ನು ಮೇಸ್ತ್ರಿ ಬರೆಯುತ್ತಾನೆ, ಮನೆ ಬಾಡಿಗೆ ಬರೆಯುತ್ತದೆ, ಕಪಾಟು ಮಾಡಿಸುವ ನಮ್ಮಂಥವರ ಕಣ್ಣು ಬರೆಯುತ್ತದೆ.

ಕಾನೂನು ಈ ಕಷ್ಟವನ್ನು ಕಾಣದೆ ಹೋಗಿಲ್ಲ. ಕಾರ್ಮಿಕರ ಪರಿಹಾರಕ್ಕಾಗಿ 1923ರಲ್ಲಿ ಆದ ಕಾಯಿದೆಗೆ ಸೇರಿದ ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ಒಂದೇ ಕೈಯ ಎರಡು ಬೆರಳು ಹೋದರೆ 20. ಮನುಷ್ಯನನ್ನು ಹೀಗೆ ಸೇರು ಪಾವಿನಲ್ಲಿ ಅಳೆಯುವುದನ್ನು ಮೊದಲು ಓದಿದಾಗ ಮೈ ಜುಮ್ಮೆಂದಿತು. ಆದರೆ ಏನೂ ಅಳೆಯದೆ ಬರಿಗೈಯಲ್ಲಿ ಕಳಿಸುವುದಕ್ಕಿಂತ ಅದೇ ಮೇಲು. ಎಡತೋಳು ಮೊಣಕೈಯ ಮೇಲೆ ಹೋದ ಒಬ್ಬ ಬಡಗಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪಟ್ಟಿಯ ಆಚೆಗೆ ನೋಡಿ, ಒಂದು ಕೈಯಲ್ಲಿ ಬಡಗಿತನ ಸಾಗದಾದ್ದರಿಂದ ಅವನ ನಷ್ಟ ಪೂರ್ತಿಯೆಂಬ ತೀರ್ಮಾನವನ್ನು 1975ರ ತನ್ನ ತೀರ್ಪಿನಲ್ಲಿ ಎತ್ತಿಹಿಡಿಯಿತು. 2010ರ ಇನ್ನೊಂದು ತೀರ್ಪಿನಲ್ಲಿ, ಅದೇ ಕೈ ಹೋದರೂ ಡ್ರೈವರನಿಗೋ ಬಡಗಿಗೋ ಆಗುವ ನಷ್ಟ ಬೇರೆ, ಸರ್ಕಾರಿ ಗುಮಾಸ್ತನಿಗೆ ಆಗುವುದು ಬೇರೆ ಎಂದು ಬಿಡಿಸಿ ಹೇಳಿತು. ನೌಕರಿಯಲ್ಲಿರುವಾಗ ಅಂಗವಿಕಲನಾದವನನ್ನು ತೆಗೆದುಹಾಕುವಂತಿಲ್ಲ, ಕೆಳದರ್ಜೆಗೆ ಇಳಿಸುವಂತಿಲ್ಲ ಎಂದು 2016ರ ಕಾಯಿದೆ ಹೇಳುತ್ತದೆ. ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. ಬೀದಿಯ ಬಡಗಿಗೆ ಮೇಸ್ತ್ರಿಯೇ ಸರ್ಕಾರ.

ಈ ಯೋಚನೆಗಳ ನಡುವೆ ಒಂದು ಬೆಳಿಗ್ಗೆ ವಸಂತವಲ್ಲಭರಾಯ ಸ್ವಾಮಿಯ ಗುಡಿಗೆ ಹೋದೆ. ವೈಕುಂಠ ಬೆಟ್ಟದ ಮೇಲೆ 2022ರಲ್ಲಿ ರಾಜಾಧಿರಾಜ ಗೋವಿಂದನ ದೊಡ್ಡ ದೇವಾಲಯ ಎದ್ದ ಮೇಲೆ ಹೊರಗಿನವರಿಗೆ ವಸಂತಪುರವೆಂದರೆ ಅದೇ. ಹಳಬರಿಗೆ ಮಾತ್ರ ವಲ್ಲಭರಾಯನೇ ಊರಿನ ಯಜಮಾನ. ಮಾಂಡವ್ಯ ಋಷಿ ಇಲ್ಲಿ ತಪಸ್ಸು ಮಾಡಿದನೆಂದು ಸ್ಥಳಪುರಾಣ. ಎಷ್ಟೋ ಸಾರಿ ಕೇಳಿದ ಹೆಸರು. ಕೈಕೆಟ್ಟವನಾಗಿ ಆ ದಿನ ಮೊದಲ ಬಾರಿಗೆ ಕೇಳಿದೆನೆಂದೇ ಹೇಳಬೇಕು.

ಮಾಂಡವ್ಯನ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಮೌನವ್ರತದಲ್ಲಿದ್ದ ಅವನ ಆಶ್ರಮದೊಳಗೆ ಕಳ್ಳರು ಬಂದು ಅಡಗಿದರು. ರಾಜಭಟರು ಮಾಲು ಸಮೇತ ಅವರನ್ನು ಹಿಡಿದು, ಮಾತನಾಡದ ಮುನಿಯನ್ನೂ ಕಳ್ಳನೆಂದೇ ಬಗೆದು ಶೂಲಕ್ಕೇರಿಸಿದರು. ಮುನಿ ಸಾಯಲಿಲ್ಲ. ರಾಜನಿಗೆ ತಪ್ಪು ತಿಳಿದು ಓಡಿಬಂದು ಶೂಲವನ್ನು ಕೀಳಲು ನೋಡಿದರೆ ಅದು ಬರಲೊಲ್ಲದು. ಕೊನೆಗೆ ಬುಡದಲ್ಲಿ ಕತ್ತರಿಸಿಬಿಟ್ಟರು. ಮೊನೆ ಒಳಗೇ ಉಳಿಯಿತು. ಹಾಗೆ ಮೊನೆಯನ್ನು ಮೈಯಲ್ಲಿಟ್ಟುಕೊಂಡೇ ಅವನು ತಿರುಗಾಡಿದ, ತನ್ನ ತಪಸ್ಸನ್ನು ಮುಂದುವರಿಸಿದ. ಆಣಿಮಾಂಡವ್ಯನೆಂದು ಹೆಸರಾಯಿತು.

ಕನ್ನಡದಲ್ಲಿ 'ವಾಸಿ' ಎಂಬ ಮಾತಿಗೆ ಎರಡು ಅರ್ಥ. ಜ್ವರ ವಾಸಿಯಾಯಿತು ಎಂದರೆ ಪೂರ್ತಿ ಹೋಯಿತು. ಅದಕ್ಕಿಂತ ಇದು ವಾಸಿ ಎಂದರೆ ಕೊಂಚ ಮೇಲು, ಅಷ್ಟೆ. ನಾವು ಮೊದಲ ಅರ್ಥದ ವಾಸಿಗಾಗಿ ಕಾಯುತ್ತ ಕೂರುತ್ತೇವೆ. ಮಾಂಡವ್ಯ ಎರಡನೆಯ ಅರ್ಥದ ವಾಸಿಯಲ್ಲೇ ಎದ್ದುಹೋದ. ಆಣಿ ಬರುವವರೆಗೂ ಏಳುವುದಿಲ್ಲವೆಂದಿದ್ದರೆ ಅವನು ಇಂದಿಗೂ ಏಳುತ್ತಿರಲಿಲ್ಲ. ಇಷ್ಟಕ್ಕೇ ಕಥೆ ಮುಗಿದಿದ್ದರೆ ನಮ್ಮ ಇಂಜಿನಿಯರಿಗೆ ಬಹಳ ಸಂತೋಷವಾಗುತ್ತಿತ್ತು. ಮುಗಿಯಲಿಲ್ಲ. ಮುನಿ ನೇರವಾಗಿ ಧರ್ಮದೇವತೆಯ ಸಭೆಗೆ ಹೋಗಿ, ಯಾವ ತಪ್ಪಿಗೆ ಈ ಶಿಕ್ಷೆಯೆಂದು ಕೇಳಿದ. ಚಿಕ್ಕಂದಿನಲ್ಲಿ ಹುಳುಗಳಿಗೆ ಕಡ್ಡಿ ಚುಚ್ಚಿದ್ದೆಯಲ್ಲ, ಅದಕ್ಕೆ ಎಂದು ಧರ್ಮ ಲೆಕ್ಕ ತೋರಿಸಿದ. ಮುನಿ ಆ ಲೆಕ್ಕವನ್ನು ಒಪ್ಪಲಿಲ್ಲ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡವೆ ಎಂದು ಧರ್ಮನಿಗೇ ಶಾಪ ಕೊಟ್ಟು ಭೂಮಿಯಲ್ಲಿ ವಿದುರನಾಗಿ ಹುಟ್ಟಿಸಿದ. ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲವೆಂದು ಕಟ್ಟಳೆಯನ್ನೇ ತಿದ್ದಿದ. ತನ್ನ ಗಾಯಕ್ಕೆ ಇತರರು ಬರೆದ ಅರ್ಥವನ್ನು, ಬರೆದವನು ಸಾಕ್ಷಾತ್ ಧರ್ಮನಾದರೂ, ಹಿಂದಿರುಗಿಸಿದ ಗಾಯಾಳು ಇವನು. ಎದ್ದು ಕೆಲಸಕ್ಕೆ ಹೋದವನೂ ಇವನೇ, ನ್ಯಾಯ ಕೇಳಲು ಹೋದವನೂ ಇವನೇ. ನಮ್ಮಲ್ಲಿ ಈ ಎರಡನ್ನೂ ಬೇರೆ ಬೇರೆ ಜಾತಿಯ ಮನುಷ್ಯರ ಲಕ್ಷಣವೆಂದು ಎಣಿಸುವ ರೂಢಿಯಿದೆ: ಎದ್ದವನು ಗಟ್ಟಿಗ, ಕೇಳಿದವನು ಗೊಣಗ.

ನನ್ನ ಕೈಯ ಕಥೆಯಲ್ಲಿ ಹೇಳುವುದು ಹೆಚ್ಚೇನಿಲ್ಲ. ವ್ಯಾಯಾಮದ ಹುಡುಗಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿ, ವಾರಕ್ಕೆ ಬೆರಳಗಲ ಮೇಲೇರಿಸುತ್ತ ಹೋದಳು. ಈಗ ಹಲಗೆಯ ಮುಕ್ಕಾಲು ಎತ್ತರದವರೆಗೆ ಬರೆಯುತ್ತೇನೆ. ಮೇಲಿನ ಕಾಲು ಭಾಗ ಖಾಲಿಯಿರುವುದನ್ನು ವಿದ್ಯಾರ್ಥಿಗಳು ಇದುವರೆಗೆ ಗಮನಿಸಿದಂತಿಲ್ಲ. ಅವರು ಕೆಳಗಿನದನ್ನೂ ಅಷ್ಟಾಗಿ ಗಮನಿಸುವುದಿಲ್ಲ.

ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಮತ್ತೆ ಅಟ್ಟ ಹತ್ತುವ ಪ್ರಸಂಗ ಬರದಿರಲೆಂದು ಕೈಗೆಟುಕುವಂತೆ ಪುಸ್ತಕದ ಕಪಾಟೊಂದನ್ನು ಮಾಡಿಸಬೇಕೆಂದು ಕಳೆದ ತಿಂಗಳು ಮನೆಯಲ್ಲಿ ಮಾತು ಬಂತು. ತೇಗದ ಮರ, ದುಬಾರಿ. "ಕೋಣನಕುಂಟೆಯಲ್ಲಿ ಒಬ್ಬ ಒಳ್ಳೆಯ ಬಡಗಿ ಇದ್ದಾನಂತೆ" ಎಂದು ನನ್ನ ಬಾಯಿಂದಲೇ ಬಂತು. ನನ್ನ ಹೆಂಡತಿ ಏನೂ ಹೇಳಲಿಲ್ಲ, ನನ್ನ ಕಡೆ ನೋಡಿದಳು. ಆರು ತಿಂಗಳು ಅವನ ಜೊತೆಯಲ್ಲಿ ತಿರುಗಾಡಿದವನು, ಅವನ ಮಾತನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಂಡವನು, ಮರದ ಬೆಲೆ ಕೇಳಿದ ಕೂಡಲೆ ಅವನ ಕೈಯನ್ನು ನೋಡಿದೆ. ಮೇಸ್ತ್ರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

ಮರುದಿನ ಅವನನ್ನು ಕರೆಸಿದೆ. ಅಳತೆಯ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಎಡಗೈಯ ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಹಿಡಿದು ಗೋಡೆಯನ್ನು ಅಳೆದ. ಹಿಡಿತ ಹೊಸದು, ಸ್ವಲ್ಪ ನಿಧಾನ. ನಾನು ಅದನ್ನೇ ನೋಡುತ್ತಿದ್ದೇನೆಂದು ಅವನಿಗೂ ತಿಳಿಯಿತು, ನನಗೂ ತಿಳಿಯಿತು; ಇಬ್ಬರೂ ಗೋಡೆಯ ಕಡೆ ತಿರುಗಿದೆವು. ಲೆಕ್ಕ ಹಾಕಿ ಕೂಲಿ ಹೇಳಿದ, ಹಿಂದೆ ಕೇಳುತ್ತಿದ್ದುದಕ್ಕಿಂತ ಕಡಿಮೆ. ಹಾಗೇಕೆಂದು ಕೇಳಿದೆ. "ಟೈಮ್ ಜಾಸ್ತಿ ಹಿಡೀತದೆ, ಮೇಷ್ಟ್ರೇ" ಎಂದ. ಸಮಯ ಹೆಚ್ಚು ಹಿಡಿದರೆ ಕೂಲಿ ಹೆಚ್ಚಬೇಕಲ್ಲವೆ ಎಂದೆ. ಅವನಿಗೆ ನಗು ಬಂತು. ಹಳೆಯ ಕೂಲಿಗೇ ಮಾತಾಯಿತು. ಮುಂಗಡ ಕೊಡಲು ಹೋದರೆ, "ಕೆಲ್ಸ ನೋಡಿ ಕೊಡಿ" ಎಂದು ಕೈ ಹಿಂದೆಗೆದ. ಬೇಡ, ಈಗಲೇ ತೆಗೆದುಕೊ ಎಂದು ಬಲವಂತ ಮಾಡಿದೆ. ಹಣವನ್ನು ಎಡಗೈಯಲ್ಲಿಟ್ಟುಕೊಂಡು ಬಲಗೈಯಿಂದ ಎಣಿಸಿಕೊಂಡ. ಸೋಮವಾರ ಮರ ತರುತ್ತೇನೆಂದು ಹೇಳಿ ಹೋಗಿದ್ದಾನೆ.